ಪೆನ್‌ಫೋಲ್ಡ್ ಹಿಡಿದ ಕ್ಯಾಚು

1884ರ ಜೂನ್ ಹದಿನೇಳು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕೆಂಟ್‌ನ ನಮ್ಮ ಊರಾಚೆಯ ಸುಣ್ಣಕಲ್ಲಿನ ಗುಂಡಿಯಲ್ಲಿ ಕ್ಯಾಪ್ಟನ್ ಎಡ್ಮಂಡ್ ಥರ್ಲೋ ತಾವೇ ಮಾಡಿದ ಬಾಂಬನ್ನು ಬಲಗೈಯಲ್ಲಿ, ಸೆಕೆಂಡು ತೋರಿಸುವ ಗಡಿಯಾರವನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದರು. ಬತ್ತಿ ಹಚ್ಚಲು ಪಕ್ಕದಲ್ಲಿ ಸಾರ್ಜೆಂಟ್ ಓಬೆಡ್ ಪೆನ್‌ಫೋಲ್ಡ್ ಇದ್ದ. ನಾನು ಎಸೆತದ ದೂರ ಅಳೆಯುವ ಸರಪಳಿಯೊಂದಿಗೆ ನಲವತ್ತು ಗಜ ದೂರದಲ್ಲಿದ್ದೆ.

ನಾಲ್ಕು ವರ್ಷದ ಹಿಂದೆ ಅಫ್ಘಾನ್ ಕಣಿವೆಯೊಂದರಲ್ಲಿ ಥರ್ಲೋ ಅವರ ಪಡೆ ಎಸೆದ ಬಾಂಬುಗಳ ಬತ್ತಿ ಹತ್ತು ಸೆಕೆಂಡು ಉರಿಯುತ್ತಿತ್ತು. ಶತ್ರುಗಳು ಅವನ್ನೇ ಎತ್ತಿ ವಾಪಸು ಎಸೆದರು. ಆರು ಜನ ಚೂರಾದರು. ತೊಡೆ ಸೀಳಿದ್ದ ಥರ್ಲೋ ಅವರನ್ನು ಪೆನ್‌ಫೋಲ್ಡ್ ಬೆನ್ನ ಮೇಲೆ ಹೊತ್ತು ತಂದ. ಊರಿಗೆ ಮರಳಿದ ಮೇಲೆ ಥರ್ಲೋ ಐದೇ ಸೆಕೆಂಡು ಉರಿಯುವ ಬತ್ತಿಯ ಬಾಂಬು ಮಾಡಿದರು. ಕ್ರಿಕೆಟ್ ಆಡಿದ ಯಾವ ಸಿಪಾಯಿಯಾದರೂ ಎಸೆಯುವಂತಿರಲಿ ಎಂದು ಅದನ್ನು ಚೆಂಡಿನ ಗಾತ್ರಕ್ಕೇ ಎರಕ ಹೊಯ್ದರು.

ಶನಿವಾರದ ಆಟದಲ್ಲಿ ಇಬ್ಬರೂ ಒಂದೇ ತಂಡ. ಚೆಂಡು ಬ್ಯಾಟಿಗೆ ಸವರಿದ್ದು ತಿಳಿದರೆ ಥರ್ಲೋ ಅಂಪೈರ್ ಬೆರಳೆತ್ತುವ ಮೊದಲೇ ತಾವೇ ಔಟೆಂದು ನಡೆದುಬಿಡುತ್ತಿದ್ದರು. ಸ್ಲಿಪ್‌ನಲ್ಲಿ ನಿಲ್ಲುವ ಪೆನ್‌ಫೋಲ್ಡ್ ಇಪ್ಪತ್ತು ವರ್ಷದಲ್ಲಿ ಕೈಬಿಟ್ಟ ಕ್ಯಾಚು ಕಡಿಮೆ.

"ನೋಡ್ಕೊಂಡು ಎಸೀರಿ ಸಾಹೇಬ್ರೆ, ಶನಿವಾರ ಮೂರು ಸಲ ಸ್ಟಂಪ್ ತಪ್ಪಿಸಿದ್ರಿ."

"ಬಾಯಿ ಮುಚ್ಚಿ ಬತ್ತಿ ಹಚ್ಚೋ!"

ಥರ್ಲೋ ಎಸೆದ ಬಾಂಬು ಎದುರಿಗೆ ಗುರಿಯಾಗಿ ನೆಟ್ಟ ಮರದ ಕಂಬಕ್ಕೆ ಬಡಿದು ಓರೆಯಾಗಿ ಹಿಂದಕ್ಕೆ ಹಾರಿತು. ಬೇರೆ ಯಾರೇ ಆದರೂ ನೆಲಕ್ಕೆ ಬಿದ್ದು ಅವಿತುಕೊಳ್ಳುತ್ತಿದ್ದರು. ಪೆನ್‌ಫೋಲ್ಡ್ ಮಾತ್ರ ಎಡಕ್ಕೆ ಹಾರಿ ಎರಡೂ ಕೈಯಲ್ಲಿ ಅದನ್ನು ಹಿಡಿದ. ತಾನು ಹಿಡಿದದ್ದೇನೆಂದು ಅವನಿಗೆ ಹೊಳೆದದ್ದನ್ನು ಮುಖದಲ್ಲಿ ಕಂಡೆ. ಅಷ್ಟರಲ್ಲಿ ಸಿಡಿಯಿತು. ಹೊಗೆ ಸರಿದಾಗ ಮಣಿಕಟ್ಟುಗಳಾಚೆ ಏನೂ ಇರಲಿಲ್ಲ. ಬಿಳಿ ಸುಣ್ಣಕಲ್ಲಿನ ಮೇಲೆ ರಕ್ತ ಹರಡಿತ್ತು. ಥರ್ಲೋ ತಮ್ಮ ಬೆಲ್ಟು ಬಿಚ್ಚಿ ಅವನ ಒಂದು ತೋಳು ಕಟ್ಟಿದರು, ನಾನು ಇನ್ನೊಂದು.

ಆಸ್ಪತ್ರೆಯಲ್ಲಿ ಪೆನ್‌ಫೋಲ್ಡ್ ಕೇಳಿದ: "ಕ್ಯಾಚು ಲೆಕ್ಕಕ್ಕೆ ಬಂತಾ ಸಾಹೇಬ್ರೆ?"

ಹನ್ನೊಂದನೇ ದಿನ ಸೇನೆಯ ವಿಚಾರಣೆ ನಡೆಯಿತು. ವಿಚಾರಣೆ ನಡೆಸಿದ ಮೇಜರ್ ಬಿರುಸಾಗಿ ಹೇಳಿದ: "ಐದು ಸೆಕೆಂಡು ಇತ್ತಲ್ಲ ಥರ್ಲೋ, ಬಿಸಾಕಬಹುದಿತ್ತು. ಹಿಡ್ಕೊಂಡು ನಿಂತಿದ್ದು ಅವನದೇ ತಪ್ಪು. ಹಾಗಂತ ಬರೀತೀನಿ."

ಹಾಗೆ ಬರೆದರೆ ಕೈಯಿಲ್ಲದ ಪೆನ್‌ಫೋಲ್ಡ್ ಪಿಂಚಣಿಯಿಲ್ಲದೆ ಬೀದಿಗೆ ಬೀಳುತ್ತಿದ್ದ. ಬರೆಯದಿದ್ದರೆ ತಪ್ಪು ಬಾಂಬಿನ ಮೇಲೆ ಬಂದು, ನಾಲ್ಕು ವರ್ಷ ದುಡಿದು ಮಾಡಿದ ಆ ಬಾಂಬೂ ಥರ್ಲೋ ಅವರ ಹುದ್ದೆಯೂ ಅಲ್ಲಿಗೇ ಮುಗಿಯುತ್ತಿದ್ದವು. ಗಡಿಯಾರ ನೋಡಿದ್ದವರು ಅವರೊಬ್ಬರೇ.

ಪ್ರಶ್ನೆ ಬರುವ ಮೊದಲೇ ಅವರು ಎದ್ದು ನಿಂತರು.

"ಬರೀಬೇಡಿ. ತೇವ ಇದೆ ಅಂತ ಬತ್ತಿಗಳನ್ನ ಅವತ್ತು ಬೆಳಗ್ಗೆ ಒಲೆ ಮೇಲಿಟ್ಟು ಒಣಗಿಸಿದ್ದು ನಾನು. ಒಣಗಿದ ಮೇಲೆ ಒಂದನ್ನೂ ಉರಿಸಿ ನೋಡ್ಲಿಲ್ಲ. ಆ ಬತ್ತಿ ಉರಿದಿದ್ದು ಬರೀ ಎರಡೂಮುಕ್ಕಾಲು ಸೆಕೆಂಡು."