ದಫೇದಾರರು ಓದಿ ಹೇಳಿದ್ದು

ದಫೇದಾರರು ಆರಡಿ ಎತ್ತರದ ಆಳು. ಓದುವುದಕ್ಕೆ ಮಾತ್ರ ಜೇಬಿನಿಂದ ಹೆಂಡತಿಯ ಹಳೆಯ ಕನ್ನಡಕ ತೆಗೆದು ಮೂಗಿನ ತುದಿಗೆ ಏರಿಸುತ್ತಿದ್ದರು. ಆ ದಪ್ಪ ಮೀಸೆಯ ಮೇಲೆ ಹೆಂಗಸರ ಗುಲಾಬಿ ಫ್ರೇಮು. ಠಾಣೆಯಲ್ಲಿ ಯಾರಿಗೂ ನಗುವ ಧೈರ್ಯವಿರಲಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಕಳ್ಳನೆಂಬ ಆರೋಪ ಹೊತ್ತು. ತೊಂಬತ್ತರ ದಶಕದ ಕೊನೆ. ಕಡಕೊಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ತಾಮ್ರದ ತಂತಿಯ ಸುರುಳಿಗಳು ಕಾಣೆಯಾದವು. ಬೀಗದ ಕೈ ಇದ್ದದ್ದು ನನ್ನ ಬಳಿ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಜೀಪು ಬಂತು.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರು, ಕದ್ದದ್ದು ನಾನೇ ಎಂದು ಬರೆದಿಟ್ಟ ಹಾಳೆ ತಳ್ಳಿ, "ಸೈನ್ ಹಾಕು, ಸಂಜೆ ಮನೆಗೋಗು" ಎಂದರು. ನಾನು ಪೆನ್ನು ಹಿಡಿದೇಬಿಟ್ಟಿದ್ದೆ. ಮೂಲೆಯ ಮೇಜಿನಿಂದ ದಫೇದಾರರು ಎದ್ದು ಬಂದರು.

"ಸಾರ್, ಇವರಿಗೆ ಇನ್ನೂ ಓದಿ ಹೇಳಿಲ್ಲ."

"ಏನ್ರೀ ಓದೋದು?"

"ಸುಪ್ರೀಂ ಕೋರ್ಟ್ ಆದೇಶ ಸಾರ್. ಗೋಡೆ ಮೇಲೇ ಹಾಕಿದೀವಲ್ಲ."

ಕನ್ನಡಕ ಏರಿಸಿ, ಅದರ ಪ್ರತಿಯೊಂದನ್ನು ಹಿಡಿದು ನನ್ನ ಕಡೆ ತಿರುಗಿದರು. "ಕಳ್ಳತನದ ಅನುಮಾನದ ಮೇಲೆ ನಿಮ್ಮನ್ನ ಹಿಡಿದಿದೀವಿ. ಮನೇಲಿ ಯಾರಿಗೆ ತಿಳಿಸ್ಬೇಕು ಹೇಳಿ. ವಕೀಲರನ್ನ ನೋಡೋ ಹಕ್ಕು ನಿಮಗಿದೆ. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸ್ತೀವಿ. ಅರ್ಥ ಆಯ್ತೇನ್ರೀ?"

ಬೆಳಗಿನಿಂದ ನನ್ನನ್ನು 'ರೀ' ಎಂದವರು ಅವರೊಬ್ಬರೇ. ಪೆನ್ನು ಕೆಳಗಿಟ್ಟೆ.

ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆ ಪಕ್ಕದ ಅಂಗಡಿಗೆ ಅವರೇ ಫೋನು ಮಾಡಿದರು. ಅಕ್ಕ ವಕೀಲರನ್ನು ಕರೆತಂದಳು. ಕೋಪದಲ್ಲಿ ದಫೇದಾರರನ್ನೂ ಸೇರಿಸಿ ಬೈದಳು. ಮರುದಿನ ಜಾಮೀನು ಸಿಕ್ಕಿತು. ವಾರದ ಮೇಲೆ ಸುರುಳಿಗಳೂ ಸಿಕ್ಕವು, ಕಾರ್ಖಾನೆಯ ಇನ್ನೊಂದು ಶೆಡ್ಡಿನಲ್ಲೇ.

ದಫೇದಾರರಿಗೆ ಮಾತ್ರ ಠಾಣೆ ತಪ್ಪಿತು, ಟ್ರಾಫಿಕ್ ಡ್ಯೂಟಿಗೆ ಹಾಕಿದರು. ಸರ್ಕಲ್ಲಿನಲ್ಲಿ ಬಿಸಿಲಿಗೆ ನಿಂತಿದ್ದರು. "ನನ್ನಿಂದ ಹಿಂಗಾಯ್ತು ಸಾರ್" ಎಂದೆ.

"ಬುಡಿ, ಇಲ್ಲಿ ನಾನು ಕೈ ಎತ್ತಿದ್ರೆ ಸಾಹೇಬ್ರ ಜೀಪೂ ನಿಲ್ಲುತ್ತೆ" ಎಂದು ನಕ್ಕರು.

ಆಮೇಲೆ ಹಬ್ಬಹರಿದಿನಕ್ಕೆ ಒಂಟಿಕೊಪ್ಪಲಿನ ಅವರ ಮನೆಗೆ ಹೋಗುತ್ತಿದ್ದೆ. ಬಾಗಿಲಲ್ಲೇ ಕೇಳುತ್ತಿದ್ದರು: "ಅಕ್ಕಾವ್ರ ಕೋಪ ಇಳೀತಾ?"

ನಿವೃತ್ತರಾದ ಮೂರನೇ ವರ್ಷ ತೀರಿಕೊಂಡರು. ತಿಥಿಯ ದಿನ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವನು, ಅವರು ನನಗೆ ಹೇಗೆ ಪರಿಚಯವೆಂದು ಕೇಳಿದ. ನನ್ನ ಕತೆ ಹೇಳಿದೆ. ಅವನು ಎಲೆಯ ಕಡೆಗೇ ಬಾಗಿ ಹೇಳಿದ.

"ನಾನು ನಿಜವಾಗ್ಲೂ ಕದ್ದಿದ್ದೆ ಕಣ್ರೀ, ಸೈಕಲ್ಲು. ನಂಗೂ ಅದನ್ನೇ ಓದಿದ್ರು. ಅಂಗೇ, ಮರ್ಯಾದೆ ಕೊಟ್ಟು. ಜೈಲಿಂದ ಬಂದ್ಮೇಲೆ ಆ ಮರ್ಯಾದೆ ಉಳಿಸ್ಕೋಬೇಕು ಅನ್ನಿಸ್ಬುಡ್ತು. ಈಗ ಪಂಕ್ಚರ್ ಅಂಗಡಿ ಮಡಗಿದೀನಿ."

ನಾನು ನಿರಪರಾಧಿ ಎಂದು ನಂಬಿಯೇ ಅವರು ಅಂದು ಎದ್ದು ಬಂದರೆಂದು ಅಷ್ಟು ವರ್ಷ ಬೀಗಿದ್ದೆ. ಆ ಹೆಮ್ಮೆ ಅಲ್ಲೇ ಕರಗಿತು. ದಫೇದಾರರು ಮಾತ್ರ ನನ್ನೊಳಗೆ ಇನ್ನಷ್ಟು ದೊಡ್ಡವರಾದರು.