ಬಣ್ಣದ ಕೋಣೆಯಲ್ಲಿ ನಾನಾಡಿದ ಮಾತು

ಇದನ್ನು ಈ ಅಂಕಣದಲ್ಲಿ ಬರೆಯಬೇಕೆಂದು ಎಷ್ಟೋ ವಾರ ಕೂತು, ಕೊನೆಗೆ ಬಸ್ ಸ್ಟ್ಯಾಂಡಿನ ಗಲೀಜು, ಕರೆಂಟಿನ ಕಾಟ ಬರೆದು ತಪ್ಪಿಸಿಕೊಂಡಿದ್ದೇನೆ. (ನೀವೂ ಮೆಚ್ಚಿ ಫೋನ್ ಮಾಡಿದಿರಿ!) ಇವತ್ತು ಬರೆದುಬಿಡುತ್ತೇನೆ.

ರೀಲಿನಲ್ಲಿ ಸಿನಿಮಾ ತೆಗೆಯುತ್ತಿದ್ದ ಕಾಲದ ಕೊನೆಯ ವರ್ಷಗಳು. ಸಿಂಧನೂರಿನ ಕಡೆ ಬಂದ ಶೂಟಿಂಗ್ ತಂಡಕ್ಕೆ ಜನ, ಟ್ರ್ಯಾಕ್ಟರ್, ಊಟ ಹೊಂದಿಸುವ ಕೆಲಸ ನನ್ನದು. ಭತ್ತ ನಾಟಿ ಮಾಡುವ ಹೆಣ್ಣುಮಗಳು ಬೇಕೆಂದಾಗ ಮುಕ್ಕುಂದದ ಹುಲಿಗೆಮ್ಮ ಎಂಬ ಕೂಲಿಯವಳನ್ನು ತೋರಿಸಿದೆ. ಕಡುಕಪ್ಪು, ಕಣ್ಣು ತುಂಬ ನಗು. ಪರದೆ ತುಂಬುವ ಹಾಗೆ ಅವಳ ಮುಖ ತೆಗೆದರು.

ಆಮೇಲೆ ನಿರ್ದೇಶಕರು ನನ್ನನ್ನೂ ಚೆನ್ನೈಗೆ ಕರೆದೊಯ್ದರು. ನಮ್ಮ ಗದ್ದೆಯ ಹಸಿರು, ಮಣ್ಣಿನ ಬಣ್ಣ ಸರಿಯಿದೆಯೇ ಎಂದು ಹೇಳಲು.

ನೆಗೆಟಿವ್ ಅನ್ನು ಒಂದೊಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸಿದ್ದರು. ಕತ್ತಲೆ ಕೋಣೆಯಲ್ಲಿ ಕಲರಿಸ್ಟ್ ಕೂತು ಬಣ್ಣ ಹೊಂದಿಸುತ್ತಿದ್ದ. ಬೆಳಿಗ್ಗೆ ತೆಗೆದದ್ದೂ ಸಂಜೆ ತೆಗೆದದ್ದೂ ಒಂದೇ ಹೊತ್ತಿನದೆಂದು ಕಾಣಬೇಕಲ್ಲ? ಬೇಕಾದರೆ ಮುಖವೊಂದಕ್ಕೇ ಗೆರೆ ಸುತ್ತಿ ಅದರ ಬಣ್ಣವಷ್ಟೇ ಬದಲಿಸಬಹುದು. ಮುಖ ಅಲುಗಿದರೆ ಗೆರೆಯೂ ಅಲುಗುತ್ತದೆ.

ನಿರ್ದೇಶಕರು ಚಹಾಕ್ಕೆ ಎದ್ದು ಹೋಗಿದ್ದರು. "ಇವರ ಬಣ್ಣ ಇದೇನಾ ಸಾರ್?" ಎಂದು ಕಲರಿಸ್ಟ್ ಕೇಳಿದ.

ಅದೇ ಆಗಿತ್ತು.

"ಸ್ವಲ್ಪ ಬೆಳ್ಳಗ ಮಾಡ್ರಿ" ಎಂದೆ. ಇವಳನ್ನೇ ಯಾಕೆ ಆರಿಸಿದಿ ಎಂದು ಊರವರು ನಕ್ಕಾರೆಂಬ ಅಂಜಿಕೆ. ಅವಳಿಗೆ ಇಲ್ಲದ ನಾಚಿಕೆ ನನಗ್ಯಾಕೆ?

ಸಿಂಧನೂರಿನ ಟಾಕೀಸಿಗೆ ಅವಳು ಊರಿನ ಹತ್ತು ಜನರನ್ನು ಕರೆತಂದಿದ್ದಳು. ಸಿನಿಮಾ ಮುಗಿದ ಮೇಲೆ ಕೇಳಿದಳು: "ಏನ್ರಿ ಅಣ್ಣಾ, ನನ್ನ ಮಾರಿಗೆ ಸುಣ್ಣ ಹೊಡಿಸೀರೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಹೋದಳು. ಆಮೇಲೆ ಮಸ್ಕಿ ಸಂತೆಯಲ್ಲಿ ಅವಳನ್ನು ಕಂಡಾಗಲೆಲ್ಲ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಹೋದ ವರ್ಷ ತೀರಿಕೊಂಡಳು.

ಕಳೆದ ತಿಂಗಳು ಅವಳ ಮಗಳು ಮನೆಗೆ ಬಂದಳು. ಲಿಂಗಸುಗೂರಿನಲ್ಲಿ ನರ್ಸ್.

"ಕಾಕಾ, ಗ್ವಾಡಿಗೆ ಹಾಕಾಕ ಅವ್ವಂದು ಛಲೋ ಫೋಟೋನ ಇಲ್ರೀ. ಆಧಾರ್ ಕಾರ್ಡಿನಾಗ ಕಳ್ಳಿ ಹಂಗ ಕಾಣ್ತಾಳ. ಸಿನಿಮಾದಾಗಿಂದು ತೆಗಸಿಕೊಡ್ರಿ."

ಬಣ್ಣ ಬದಲಾದದ್ದು ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಮಾತ್ರ. ನೆಗೆಟಿವ್‌ನಲ್ಲಿ ಅವಳು ಇದ್ದ ಹಾಗೇ ಇರಬೇಕು. ಫೋನ್ ಮೇಲೆ ಫೋನ್ ಮಾಡಿ ವಿಚಾರಿಸಿದೆ. ಆ ನೆಗೆಟಿವ್ ಡಬ್ಬಿಗಳು ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ಕೊನೆಗೆ ಸಿನಿಮಾದ ಸಿ.ಡಿ.ಯಿಂದಲೇ ಫೋಟೋ ತೆಗೆಸಿಕೊಟ್ಟೆ.

ಮಗಳು ಬಹಳ ಹೊತ್ತು ನೋಡಿದಳು. "ಇಕಿ ನಮ್ಮವ್ವ ಅನಸವಲ್ಲಳು, ಕಾಕಾ. ಹಿಂಗ್ಯಾಕ ಬೆಳ್ಳಗ ಆಗ್ಯಾಳ?"

"ಮಷೀನಿನ ತಪ್ಪವ್ವಾ" ಎಂದೆ.

ನಂಬಿದಳು. ಫೋಟೋ ಬ್ಯಾಗಿಗೆ ಹಾಕಿಕೊಂಡು, ನನ್ನ ಕಾಲಿಗೆ ಬೇರೆ ನಮಸ್ಕಾರ ಮಾಡಿ ಹೋದಳು.

ಮಷೀನಿನ ತಪ್ಪಲ್ಲ, ಹುಲಿಗೆಮ್ಮ. ನಂದು.