ದೋಣಿ ಮುಳುಗಿಸಿದ ಫ್ಲಾಪಿ

ಆವತ್ತೂ ಆರಕ್ಕೆ ನಲ್ಲಿ ಬಂತು. ಪಾವ್ ಬ್ರೆಡ್ ಮಾರುವವನ ಸೈಕಲ್ ಹಾರ್ನ್ ಕೇಳಿ ಕೆಳಗಿಳಿದೆ, ಹಾಲು ಕಾಯಿಸಿದೆ, ಮನೆಯವರಿಗೆ ಡಬ್ಬಿ ಕಟ್ಟಿದೆ. ಮಳೆಗಾಲ ಮುಗಿದ ಮೇಲಿನ ಮೊದಲ ಗಟ್ಟಿ ಬಿಸಿಲು. ನಮ್ಮ ಮಂಗೋರ್ ಹಿಲ್ ಬಡಾವಣೆಯ ತಾರಸಿಗಳ ಮೇಲೆಲ್ಲ ದಿಂಬು, ಹಾಸಿಗೆ, ಮೆಣಸಿನಕಾಯಿ. ಹನ್ನೊಂದರ ಹೊತ್ತಿಗೆ ಬಟ್ಟೆ ಒಣಹಾಕಲು ಹತ್ತಿದರೆ, ನಮ್ಮ ಹಪ್ಪಳದ ಸಾಲಿನ ತುದಿಗೆ ನನ್ನ ಎರಡನೆಯ ಕಂಪ್ಯೂಟರ್ ಫ್ಲಾಪಿ ಮಲಗಿತ್ತು. ಕಾವಿಗೆ ಅದರ ಪ್ಲಾಸ್ಟಿಕ್ಕು ಸೊಟ್ಟಗಾಗಿತ್ತು.

"ಅತ್ತಿ, ಇದನ್ಯಾಕ ಇಲ್ಲಿ ಇಟ್ಟೀರಿ?"

"ಬೂಷ್ಟ ಹಿಡದೈತಿ ಅಂತ ನಿನ್ನೆ ನೀನ ಅಂದೆಲ್ಲ. ಬಿಸಲಿಗೆ ಹಾಕಲಾರ್ದ ಏನ ಮಾಡೂದು?"

"ಇದು ಹಪ್ಪಳ ಅಲ್ರಿ."

"ಹಪ್ಪಳ ಆಗಿದ್ರ ಕರದಾದ್ರೂ ತಿಂತಿದ್ವಿ. ತಿಂಗಳಾತು ಅದರ ಮುಂದ ಕುಂತು."

ತಿಂಗಳಾದದ್ದು ನಿಜ. ನಾನು ಓದಿದ ಕಾನ್ವೆಂಟಿನವರು ಹಳೆಯ ಕಂಪ್ಯೂಟರ್ ಕೋಣೆ ಖಾಲಿ ಮಾಡುವಾಗ, ಗುಜರಿಗೆ ಹೊರಟಿದ್ದ ಎರಡು ಫ್ಲಾಪಿಗಳನ್ನು ಕೇಳಿ ತಂದಿದ್ದೆ. ಮಗ್ಗಿ ಕಲಿಸುವ ಆಟ ಅದು. ಉತ್ತರ ಸರಿಯಾದರೆ ದೋಣಿ ಮುಂದೆ ಹೋಗುತ್ತದೆ, ತಪ್ಪಿದರೆ ಮುಳುಗುತ್ತದೆ. ಬೆರಳು ಎಣಿಸುತ್ತ ಕೂತವರೆಲ್ಲ ದಡ ಸೇರಿದರು. ನನ್ನ ದೋಣಿ ಒಮ್ಮೆಯೂ ಸೇರಲಿಲ್ಲ. ಏಳೆಂಟ್ಲೆ ಐವತ್ತಾರು ಎಂದೇ ಒತ್ತಿದ್ದೆ ಎಂದು ಅತ್ತರೆ, ಸಿಸ್ಟರ್ ತಲೆ ಸವರಿ, "ಕಂಪ್ಯೂಟರ್ ತಪ್ಪು ಮಾಡೋದಿಲ್ಲ, ಮಗು" ಎಂದಿದ್ದರು. ಪ್ರಗತಿ ಪತ್ರದಲ್ಲಿ ‘ಲೆಕ್ಕದಲ್ಲಿ ಗಮನವಿಲ್ಲ’ ಎಂದು ಬಂತು. ಅಪ್ಪ ನಂಬಿದರು, ನಾನೂ ನಂಬಿದೆ. ಹತ್ತನೆಯ ತರಗತಿ ಮುಗಿದಾಗ ವಿಜ್ಞಾನದ ಅರ್ಜಿಯನ್ನೇ ತರಲಿಲ್ಲ. ತಪ್ಪಿದ್ದು ನಾನೋ ಅದೋ, ಅಷ್ಟು ತಿಳಿಯಬೇಕಿತ್ತು ನನಗೆ.

ಮೊದಲ ಫ್ಲಾಪಿ ಓದಿ ಆಗಿತ್ತು. ಅದರಲ್ಲಿ ಆಜ್ಞೆಗಳೆಲ್ಲ ಬರೀ ಸಂಖ್ಯೆಗಳು. ೧೪೫ ಬಂದಲ್ಲೆಲ್ಲ ಹಿಂದೆಯೇ ಪರದೆಯ ಮೇಲಿನ ಮಾತು ಇರುತ್ತಿತ್ತು. ಹಾಗಾದರೆ ಅದು ‘ತೋರಿಸು’. ೧೩೯ ಎಂದರೆ ‘ಹೀಗಿದ್ದರೆ’. ಹೀಗೆ ಒಂದೊಂದೇ ಗುರುತಿಸಿ ಅಡುಗೆ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಪಟ್ಟಿ ಮಾಡಿದ್ದೆ. ಉತ್ತರ ಪರೀಕ್ಷಿಸುವ ಭಾಗ ಮಾತ್ರ ಬಿಸಿಲು ಕಂಡ ಎರಡನೆಯದರಲ್ಲಿತ್ತು.

ಗುಜರಿಯಲ್ಲಿ ಕೊಂಡಿದ್ದ ಹಳೆಯ ಫ್ಲಾಪಿ ಡ್ರೈವಿಗೆ ಹಾಕಿದರೆ ಕರಕರ ಎಂದು ನಿಂತಿತು. ಬ್ಲೇಡಿನಿಂದ ಹೊದಿಕೆ ಸೀಳಿ, ಒಳಗಿನ ತೆಳು ಬಿಲ್ಲೆ ತೆಗೆದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸುತ್ತಿರುವಾಗ ಗ್ಯಾಸಿನವನು ಬಂದ. ಬೇರೊಂದು ಫ್ಲಾಪಿಯ ಹೊದಿಕೆಗೆ ಅದನ್ನು ತುರುಕುವಾಗ ಅತ್ತೆ ಸಾಸಿವೆ ಡಬ್ಬಿ ಎಲ್ಲಿ ಎಂದರು. ಅದು ಇಪ್ಪತ್ತು ವರ್ಷದಿಂದ ಇರುವಲ್ಲೇ ಇತ್ತು. ಓದಲು ಹಚ್ಚಿದೊಡನೆ ಕರೆಂಟು ಹೋಯಿತು. ಮೂರನೆಯ ಸಲ ಫೈಲು ಇಳಿಯುವಾಗ ನಾಲ್ಕೂವರೆ.

ನೋಟುಬುಕ್ಕು ಪಕ್ಕಕ್ಕಿಟ್ಟು ಸಾಲು ಸಾಲು ಬಿಡಿಸಿದೆ. ಉತ್ತರ ಸರಿಯೋ ತಪ್ಪೋ ನೋಡುವ ಸಾಲಿಗಿಂತ ಮೇಲೆ ಇನ್ನೊಂದು ಸಾಲಿತ್ತು: ಎರಡು ಸೆಕೆಂಡಿನೊಳಗೆ ಉತ್ತರ ಬಂದರೆ ದೋಣಿ ಮುಳುಗಿಸು. ಸುಮ್ಮನೆ ಕೀಲಿ ಕುಟ್ಟುವ ಮಕ್ಕಳಿಗೆಂದು ಮಾಡಿದ್ದಿರಬೇಕು. ಥಟ್ಟನೆ ಒತ್ತಿದ ನನ್ನ ಐವತ್ತಾರನ್ನು ಅದು ನೋಡಿಯೇ ಇರಲಿಲ್ಲ.

ಅಳು ಬರಲಿಲ್ಲ. ಆ ಸಾಲು ಬರೆದವನನ್ನು ಎದುರು ಕೂರಿಸಿ ಹತ್ತೊಂಬತ್ತರ ಮಗ್ಗಿ ಒಪ್ಪಿಸಬೇಕೆನಿಸಿತು.

ಸಂಜೆ ಪಕ್ಕದ ಮನೆಯ ಭಾಭಿ ಇಡ್ಲಿ ಪಾತ್ರೆ ಕೊಡಲು ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಚಪ್ಪಲಿ ಮೆಟ್ಟುತ್ತ ಅಂದರು: "ಇಷ್ಟ ಗೊತ್ತಾಗಾಕ ಮೂವತ್ತ ವರ್ಷ ಬೇಕಾತೇನ್ರಿ? ನೀವು ಭಾಳ ನಿಧಾನ ಬಿಡ್ರಿ."